ಮೊಗಸಾಲೆಗೊಂದು ಬೀಸಣಿಗೆ

ನಮ್ಮ ನಾಡಿನ ಮನೆಗಳಲ್ಲಿ ಮೊಗಸಾಲೆಗೆ ವಿಶಿಷ್ಟವಾದ ಸ್ಥಾನವಿದೆ. ಕೆಲವೆಡೆ ಕಟ್ಟೆಯೆಂದೂ, ಕೆಲವೆಡೆ ಜಗಲಿಯೆಂದೂ, ಪಟ್ಟಣಗಳಲ್ಲಿ ವರಾಂಡವೆಂದೂ ಕರೆಯಲ್ಪಡುವ ಈ ತಾಣವು ಪೂರ್ತಿಯಾಗಿ ಮನೆಯೊಳಗೂ ಅಲ್ಲ, ಬೀದಿಯೂ ಅಲ್ಲ. ಬಂದ ಅತಿಥಿಯು ದಣಿವಾರಿಸಿಕೊಳ್ಳುವುದು ಇಲ್ಲಿ. ಮನೆಯ ಹಿರಿಯರು ಹಗಲಿನ ಬಹುಭಾಗವನ್ನು ಕಳೆಯುವುದು ಇಲ್ಲಿ. ಬೇಸಿಗೆಯ ಇರುಳಿನಲ್ಲಿ ಮಕ್ಕಳು ಚಾಪೆ ಹಾಸಿ ಮಲಗುವುದೂ ಇಲ್ಲಿಯೇ. ಹಿಂದೆ ಅತಿಥಿಗೆ ನೀರು ಕೊಟ್ಟು, ಕೈಬೀಸಣಿಗೆಯನ್ನು ಮುಂದಿಡುವುದು ವಾಡಿಕೆಯಾಗಿತ್ತು. ಇಂದು ಆ ಸ್ಥಾನವನ್ನು ವಿದ್ಯುತ್ ಫ್ಯಾನು ಪಡೆದಿದೆ.

ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಒಳಮನೆಯಲ್ಲಿ ಬಳಸಿ ಹಳೆಯದಾದ ಫ್ಯಾನನ್ನು ತಂದು ಹೊರಗೆ ತೂಗುಹಾಕುವ ರೂಢಿಯನ್ನು ನಾವು ಅನೇಕ ಮನೆಗಳಲ್ಲಿ ಕಾಣುತ್ತೇವೆ. ಇದು ಸರಿಯಲ್ಲವೆಂಬುದೇ ಈ ಲೇಖನದ ಮುಖ್ಯಾಭಿಪ್ರಾಯ. ಒಳಗಿನ ಫ್ಯಾನಿಗೆ ಇಲ್ಲದ ಮೂರು ಶತ್ರುಗಳು ಹೊರಗಿನ ಫ್ಯಾನಿಗಿವೆ: ಮಳೆಯ ಎರಚಲು, ಬೀದಿಯ ಧೂಳು ಮತ್ತು ಬಿರುಗಾಳಿ. ಅದರ ಕೆಳಗೆ ಕುಳಿತುಕೊಳ್ಳುವವರು ನಮ್ಮ ಹಿರಿಯರು ಮತ್ತು ಮಕ್ಕಳು ಎಂಬುದನ್ನು ಮರೆಯಲಾಗದು.

ಫ್ಯಾನು ಮಾಡುವ ಕಾರ್ಯ

ಶಿವನಸಮುದ್ರದಲ್ಲಿ ೧೯೦೨ರಲ್ಲಿ ಜಲವಿದ್ಯುತ್ ಉತ್ಪಾದನೆಯು ಆರಂಭವಾಗಿ, ೧೯೦೫ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದವು. ಅದಕ್ಕೆ ಮೊದಲು ಕಚೇರಿಗಳಲ್ಲಿಯೂ ಶ್ರೀಮಂತರ ಭವನಗಳಲ್ಲಿಯೂ ಬಟ್ಟೆಯ ಪಂಖವನ್ನು ಆಳುಗಳು ಹಗ್ಗದಿಂದ ಎಳೆಯುತ್ತಿದ್ದರು. ಸಾಧನವು ಬದಲಾದರೂ ತತ್ತ್ವ ಒಂದೇ. ಫ್ಯಾನು ಗಾಳಿಯನ್ನು ತಂಪುಗೊಳಿಸುವುದಿಲ್ಲ. ಮೈಮೇಲಿನ ಬೆವರನ್ನು ಬೇಗ ಆರಿಸಿ ದೇಹಕ್ಕೆ ತಂಪನ್ನು ತರುತ್ತದೆ. ಆದುದರಿಂದ ಯಾರೂ ಇಲ್ಲದ ಮೊಗಸಾಲೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅದು ಕೇವಲ ವಿದ್ಯುತ್ತಿನ ಅಪವ್ಯಯ.

ಕಲಬುರಗಿ, ರಾಯಚೂರು ಭಾಗದ ಓದುಗರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗಾಳಿಯ ಉಷ್ಣತೆಯು ೪೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದಾಗ ಫ್ಯಾನಿನ ಗಾಳಿಯು ದೇಹವನ್ನು ಮತ್ತಷ್ಟು ಕಾಯಿಸುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿದೆ. ವೃದ್ಧರು ಬೆವರುವುದೂ ಕಡಿಮೆ. ಅಂತಹ ನಡುಹಗಲಿನಲ್ಲಿ ಹಿರಿಯರನ್ನು ಫ್ಯಾನಿನ ಕೆಳಗೆ ಕೂರಿಸಿ ನಿಶ್ಚಿಂತರಾಗದೆ, ಒಳಗಿನ ತಂಪಾದ ಕೋಣೆಗೆ ಕರೆದೊಯ್ಯಬೇಕು. ಆಗಾಗ ನೀರು ಕುಡಿಸಬೇಕು. ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು. ಫ್ಯಾನಿನ ನಿಜವಾದ ಉಪಯೋಗವಿರುವುದು ಬೆಳಗಿನ ಮತ್ತು ಸಂಜೆಯ ಹೊತ್ತಿಗೆ.

ಆಯ್ಕೆಯ ಕ್ರಮ

ಮೊದಲನೆಯದಾಗಿ ಅಳತೆ. ರೆಕ್ಕೆಯ ತುದಿಗೂ ಗೋಡೆ ಅಥವಾ ಕಂಬಕ್ಕೂ ನಡುವೆ ಒಂದೂವರೆ ಅಡಿಯಾದರೂ ಅಂತರವಿರುವುದು ಒಳ್ಳೆಯದು. ಎಂಟು ಅಡಿ ಅಗಲದ ಮೊಗಸಾಲೆಗೆ ೧೨೦೦ ಮಿಲಿಮೀಟರ್ ಅಳತೆಯ ಫ್ಯಾನು ಹೊಂದುತ್ತದೆ. ಆರು ಅಡಿಯದಾದರೆ ೯೦೦ ಮಿಲಿಮೀಟರಿನದು ಸಾಕು. ಉದ್ದವಾದ ಮೊಗಸಾಲೆಗೆ ದೊಡ್ಡದೊಂದಕ್ಕಿಂತ ಚಿಕ್ಕವೆರಡು ಮೇಲು.

ಎರಡನೆಯದು ತೇವವನ್ನು ತಾಳುವ ಗುಣ. ಮರದ ಹೊಟ್ಟನ್ನು ಒತ್ತಿ ಮಾಡಿದ ರೆಕ್ಕೆಗಳು ತೇವ ಹೀರಿ ಬಾಗುತ್ತವೆ. ಕಬ್ಬಿಣದವು ತುಕ್ಕು ಹಿಡಿಯುತ್ತವೆ. ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ರೆಕ್ಕೆಗಳೇ ಹೊರಗೆ ಯೋಗ್ಯ. ಎರಚಲು ಬಡಿಯುವ ಕಡೆ ಐ.ಪಿ. ಎಂಬ ಗುರುತಿನ ಫ್ಯಾನನ್ನೇ ಕೇಳಿ ಪಡೆಯಬೇಕು. ಆ ಅಕ್ಷರಗಳ ಮುಂದಿನ ಎರಡು ಅಂಕೆಗಳಲ್ಲಿ ಮೊದಲನೆಯದು ಧೂಳಿನಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಎರಡನೆಯ ಅಂಕೆಯು ೪ ಆಗಿದ್ದರೆ ಯಾವ ದಿಕ್ಕಿನಿಂದ ಸಿಡಿಯುವ ಹನಿಯನ್ನಾದರೂ ಅದು ತಡೆದುಕೊಳ್ಳುತ್ತದೆ. ಮಲೆನಾಡು ಮತ್ತು ಕರಾವಳಿಯವರಿಗೆ ಇದು ಅತ್ಯವಶ್ಯ.

ಮೂರನೆಯದು ವೆಚ್ಚ. ಸಾಮಾನ್ಯ ಫ್ಯಾನು ಸುಮಾರು ೭೫ ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ, ಬಿ.ಎಲ್.ಡಿ.ಸಿ. ಎಂಬ ಹೊಸ ಮಾದರಿಯ ಮೋಟಾರಿನದು ಸುಮಾರು ೩೦ ವ್ಯಾಟ್. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಮೊದಲನೆಯದಕ್ಕೆ ೨೨.೫ ಯೂನಿಟ್, ಎರಡನೆಯದಕ್ಕೆ ೯ ಯೂನಿಟ್. ೨೦೨೩ರಿಂದ ಫ್ಯಾನುಗಳಿಗೆ ನಕ್ಷತ್ರ ಗುರುತಿನ ಚೀಟಿಯು ಕಡ್ಡಾಯವಾಗಿದೆ. ನಕ್ಷತ್ರಗಳು ಹೆಚ್ಚಿದ್ದಷ್ಟೂ ಉಳಿತಾಯ ಹೆಚ್ಚು. ಈ ಹೊಸ ಮಾದರಿಗೆ ಗೋಡೆಯ ಹಳೆಯ ರೆಗ್ಯುಲೇಟರನ್ನು ಜೋಡಿಸಬಾರದೆಂಬುದು ನೆನಪಿರಲಿ.

ತೂಗಿಸುವ ವಿಧಾನ

ಎಲ್ಲಕ್ಕಿಂತ ಮಿಗಿಲಾದುದು ಕೊಂಡಿ. ಫ್ಯಾನಿನ ತೂಕ ನಾಲ್ಕಾರು ಕಿಲೋಗ್ರಾಂ ಇರಬಹುದು. ಆದರೆ ಅದು ತಿರುಗುತ್ತದೆ, ಬಿರುಗಾಳಿಗೆ ಓಲಾಡುತ್ತದೆ. ನಿಂತ ತೂಕವನ್ನು ತಾಳಿದ ಕೊಂಡಿಯು ಓಲಾಟವನ್ನೂ ತಾಳುವುದೆಂಬ ಭರವಸೆಯಿಲ್ಲ. ಹೆಂಚಿನ ಮನೆಯಲ್ಲಿ ರೀಪಿಗೆ ಎಂದಿಗೂ ತೂಗಿಸಬಾರದು. ಗೆದ್ದಲು ಹಿಡಿಯದ ತೊಲೆಯನ್ನೇ ಆರಿಸಿ, ಅದಕ್ಕೆ ಆರಪಾರ ಬೋಲ್ಟನ್ನು ಹಾಯಿಸಿ, ಮೇಲೆ ಕಬ್ಬಿಣದ ಪಟ್ಟಿಯನ್ನಿಟ್ಟು ಬಿಗಿಯಬೇಕು. ಆರ್.ಸಿ.ಸಿ. ಚಾವಣಿಯಾದರೆ ಕಾಂಕ್ರೀಟು ಹಾಕುವಾಗಲೇ ಕೊಂಡಿಯನ್ನು ಒಳಗಿನ ಸರಳುಗಳಿಗೆ ಕಟ್ಟಿಸುವುದು ಉತ್ತಮ. ಹೊಸಮನೆ ಕಟ್ಟಿಸುವ ಸದ್ಗೃಹಸ್ಥರು ಒಳಕೋಣೆಗಳ ಕೊಂಡಿಯನ್ನು ನೆನೆಯುತ್ತಾರೆ, ಮೊಗಸಾಲೆಯದನ್ನು ಮರೆಯುತ್ತಾರೆ.

ನೆಲದಿಂದ ರೆಕ್ಕೆಗೆ ಎಂಟು ಅಡಿ ಎತ್ತರವೂ, ಚಾವಣಿಯಿಂದ ರೆಕ್ಕೆಗೆ ಒಂದು ಅಡಿ ಅಂತರವೂ ಬೇಕು. ಇಳಿಜಾರಾದ ಹೆಂಚಿನ ಮಾಡಿಗೆ ಉದ್ದನೆಯ ಕೊಳವೆ ಬೇಕಾಗುತ್ತದೆ.

ವಿದ್ಯುತ್ ಜೋಡಣೆಯನ್ನು ಪರವಾನಗಿ ಪಡೆದ ಕೆಲಸಗಾರನಿಂದಲೇ ಮಾಡಿಸಬೇಕು. ಹಸಿರು ಬಣ್ಣದ ಅರ್ಥಿಂಗ್ ತಂತಿಯನ್ನು ಬಿಟ್ಟುಬಿಡಲು ಯಾರಿಗೂ ಅವಕಾಶ ಕೊಡಬಾರದು. ಸ್ವಿಚ್ಚು ಒಳಗೋಡೆಯ ಒಣ ಜಾಗದಲ್ಲಿರಲಿ. ಮೂವತ್ತು ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ರಕ್ಷಕ ಸಾಧನವಿದ್ದರೆ, ವಿದ್ಯುತ್ತು ಸೋರಿದ ಕ್ಷಣದಲ್ಲಿಯೇ ಅದು ಪ್ರವಾಹವನ್ನು ಕಡಿದುಹಾಕುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡುವ ಮೊಗಸಾಲೆಗೆ ಇಂತಹ ರಕ್ಷಣೆಯಿಲ್ಲದಿರುವುದು ಅಪಾಯಕರ.

ಪಾಲನೆ

ವರ್ಷಕ್ಕೊಮ್ಮೆ, ಯುಗಾದಿಯ ಸಾರಣೆ-ಕಾರಣೆಯ ಸಮಯದಲ್ಲಿ, ಮೇನ್ ಸ್ವಿಚ್ಚನ್ನು ಆರಿಸಿ ರೆಕ್ಕೆಯ ಧೂಳನ್ನು ಒರೆಸಬೇಕು. ಕೊಂಡಿಯ ಬೋಲ್ಟನ್ನೂ ಅದರ ಪಿನ್ನನ್ನೂ ರಬ್ಬರಿನ ತುಂಡನ್ನೂ ಪರೀಕ್ಷಿಸಬೇಕು. ಸಾಮಾನ್ಯ ಫ್ಯಾನಿನ ವೇಗ ಕುಗ್ಗಿದರೆ ಬಹುಮಟ್ಟಿಗೆ ಕೆಪ್ಯಾಸಿಟರಿನ ದೋಷ. ಅದನ್ನು ಅಲ್ಪ ಖರ್ಚಿನಲ್ಲಿ ಬದಲಾಯಿಸಬಹುದು. ಅಲುಗಾಟ ಕಂಡರೆ ಕೂಡಲೇ ನಿಲ್ಲಿಸಬೇಕು.

ಗುಬ್ಬಚ್ಚಿಗಳು ಫ್ಯಾನಿನ ಮೇಲಿನ ಬಟ್ಟಲಿನಲ್ಲಿ ಗೂಡು ಕಟ್ಟುವುದುಂಟು. ಮರಿಗಳಿರುವಾಗ ಅದನ್ನು ಕಿತ್ತೆಸೆಯದೆ, ಅವು ಹಾರಿಹೋಗುವ ಎರಡು ಮೂರು ವಾರ ಫ್ಯಾನನ್ನು ನಿಲ್ಲಿಸಿ, ಹಳೆಯ ಕೈಬೀಸಣಿಗೆಯನ್ನು ಹೊರತೆಗೆದರೆ ನಮಗಾಗುವ ನಷ್ಟವೇನೂ ಇಲ್ಲ. ಆ ಬಳಿಕ ಬಟ್ಟಲನ್ನು ಚಾವಣಿಗೆ ತಾಗುವಂತೆ ಬಿಗಿದು, ಪಕ್ಕದ ಗೋಡೆಗೊಂದು ಮರದ ಪೆಟ್ಟಿಗೆಯನ್ನು ತೂಗಿಸಿದರೆ ಗುಬ್ಬಿಗೂ ನೆಲೆ ದೊರೆಯುತ್ತದೆ, ಫ್ಯಾನಿಗೂ ಅಡಚಣೆಯಿರುವುದಿಲ್ಲ.