ಸೈಂಧವ ವಧೆಯ ಸೂರ್ಯ: ರಂಗದ ಮೇಲೆ ತಂತಿಯಿಲ್ಲದ ದೀಪ, ತಂತಿಯಿಲ್ಲದ ಮೋಟಾರು

ಸೂರ್ಯಾಸ್ತದೊಳಗೆ ಸೈಂಧವನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನನು ಶಪಥಗೈದಿದ್ದಾನೆ. ಶ್ರೀಕೃಷ್ಣನು ಸೂರ್ಯನನ್ನು ಮರೆಮಾಡುತ್ತಾನೆ. ಸಂಜೆಯಾಯಿತೆಂದು ನಂಬಿ ಸೈಂಧವನು ಹೊರಬಂದೊಡನೆ ಸೂರ್ಯನು ಮತ್ತೆ ಬೆಳಗುತ್ತಾನೆ. ಹಾಸನ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕವನ್ನು ಬೆಳಗಿನವರೆಗೆ ಕುಳಿತು ನೋಡಿದವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ. ನಾವು ಬಾಲಕರಾಗಿದ್ದಾಗ ಬಣ್ಣದ ಕಾಗದದ ಸೂರ್ಯ, ಅದರ ಹಿಂದೊಂದು ಬಲ್ಬು, ಪಕ್ಕದಲ್ಲಿ ಮೊರ ಹಿಡಿದ ಹುಡುಗ. ಮೊರವನ್ನು ಅಡ್ಡ ಹಿಡಿದರೆ ಸಂಜೆ, ತೆಗೆದರೆ ಹಗಲು.

ಕೆಲವು ವರ್ಷಗಳ ಹಿಂದೆ ನೆರೆಯ ಊರೊಂದರಲ್ಲಿ ಈ ಸೂರ್ಯನನ್ನು ರಿಮೋಟಿನಿಂದ ನಡೆಸಿದರು. ಮಧ್ಯಾಹ್ನದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು. ರಾತ್ರಿ ಸೂರ್ಯನು ಸೊಗಸಾಗಿ ಮುಳುಗಿದನು, ಆದರೆ ಮತ್ತೆ ಮೂಡಲಿಲ್ಲ. ಕೃಷ್ಣನ ಪಾತ್ರಧಾರಿ ಎರಡು ಬಾರಿ ಆಕಾಶದತ್ತ ಕೈತೋರಿದರು. ಹಾರ್ಮೋನಿಯಂ ಮೇಷ್ಟ್ರು ಕಂದಪದ್ಯವನ್ನು ಎಳೆದೆಳೆದು ನುಡಿಸಿದರು. ಕೊನೆಗೆ ಕತ್ತಲಲ್ಲಿಯೇ ಸೈಂಧವನ ವಧೆಯಾಯಿತು. ಜನ ನಕ್ಕರು, ನಾವೂ ನಕ್ಕೆವು. ಈ ವರ್ಷ ಜಾತ್ರೆಯ ನಾಟಕಕ್ಕೆ ಇಂಥದೇ ಸಲಕರಣೆಯನ್ನು ಒದಗಿಸಲು ನಮ್ಮ ಯುವಕರು ಮುಂದೆ ಬಂದಿದ್ದಾರೆ. ಬಾಲನಟರ ತಾಯಂದಿರು ಇದು ಅಪಾಯವಲ್ಲವೆ ಎಂದು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಆದುದರಿಂದ ವಿಷಯವನ್ನು ನಾವು ತಿಳಿದವರಿಂದ ಕೇಳಿ, ಓದಿ, ಭಕ್ತರ ಮುಂದಿಡುತ್ತಿದ್ದೇವೆ.

ವಿದ್ಯೆ ಹೊಸದೇನಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನೀರಿನಲ್ಲಿ ಬಿಟ್ಟು, ತಂತಿಯಿಲ್ಲದೆ ಅದರ ಚುಕ್ಕಾಣಿಯನ್ನು ತಿರುಗಿಸಿ, ಅದರ ಮೇಲಿನ ದೀಪಗಳನ್ನು ಮಿನುಗಿಸಿ ತೋರಿಸಿದ್ದನು. ದೀಪ ಮತ್ತು ಮೋಟಾರು, ಎರಡೂ ಅಂದೇ ಇದ್ದವು. ಇಂದಿನ ರಂಗಭೂಮಿಯಲ್ಲಿ ದೀಪಗಳಿಗೆ ಆಜ್ಞೆ ಕೊಡುವ ಭಾಷೆಗೆ 'ಡಿಎಂಎಕ್ಸ್ 512' ಎಂದು ಹೆಸರು. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ರೂಪಿಸಿದ್ದು. ಒಂದು ಸಾಲಿನಲ್ಲಿ 512 ಅಂಕಣಗಳು. ಪ್ರತಿ ಅಂಕಣದಲ್ಲಿ ಸೊನ್ನೆಯಿಂದ 255ರವರೆಗೆ ಒಂದು ಸಂಖ್ಯೆ. ಸೊನ್ನೆಯೆಂದರೆ ಕತ್ತಲೆ, 255 ಎಂದರೆ ಪೂರ್ಣ ಬೆಳಕು. ಈ ಸಾಲನ್ನು ಸೆಕೆಂಡಿಗೆ ಹತ್ತಾರು ಬಾರಿ ಕಳುಹಿಸುತ್ತಲೇ ಇರುತ್ತಾರೆ. ಒಂದು ತಪ್ಪಿದರೆ ಮುಂದಿನದು ಬಂದೇ ಬರುತ್ತದೆ. ಮೊದಲು ಇದು ತಂತಿಯಲ್ಲಿ ಮಾತ್ರ ಹರಿಯುತ್ತಿತ್ತು, ಈಗ ಗಾಳಿಯಲ್ಲಿಯೂ ಸಾಗುತ್ತದೆ. ಕೃಷ್ಣನ ಕೈಯ ಚಕ್ರದೊಳಗೆ ಅಂಗೈಗಿಂತ ಚಿಕ್ಕದಾದ ಗ್ರಾಹಕ, ಬ್ಯಾಟರಿ ಮತ್ತು ಎಲ್‌ಇಡಿ ಪಟ್ಟಿ ಇದ್ದರೆ ಸಾಕು. ನಟನ ಹಿಂದೆ ಬಾಲದಂತೆ ತಂತಿ ಎಳೆಯಬೇಕಾಗಿಲ್ಲ.

ಹಾಗಾದರೆ ಆ ರಾತ್ರಿ ಸೂರ್ಯನೇಕೆ ಮೂಡಲಿಲ್ಲ? ಅಗ್ಗದ ಸಲಕರಣೆಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ತರಂಗವನ್ನು ಬಳಸುತ್ತವೆ. ಆ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರು. ನೀರು ಅದನ್ನು ಹೀರುತ್ತದೆ, ಮನುಷ್ಯನ ದೇಹದಲ್ಲಿ ಇರುವುದು ಬಹುಪಾಲು ನೀರೇ. ಬಯಲು ಖಾಲಿಯಿದ್ದಾಗ ಹಿಂದಿನಿಂದ ಕಳುಹಿಸಿದ ಸಂಕೇತ ರಂಗಕ್ಕೆ ಮುಟ್ಟಿತ್ತು. ರಾತ್ರಿ ನಡುವೆ ನೂರಾರು ಜನ ಕುಳಿತು, ನಿಂತು ಅಡ್ಡವಾದರು. ಮೇಲಾಗಿ ಅವರ ಜೇಬಿನ ಫೋನುಗಳ ವೈಫೈ, ಬ್ಲೂಟೂತ್ ಕೂಡ ಅದೇ ತರಂಗದಲ್ಲಿ ಮಾತನಾಡುತ್ತವೆ. ಇನ್ನೊಂದು ಕಾರಣವನ್ನು ನಾವು ಮರುದಿನ ಕಣ್ಣಾರೆ ಕಂಡೆವು: ಹೊಳಪು ಬರಲೆಂದು ಸೂರ್ಯನ ಪೆಟ್ಟಿಗೆಗೆ ಒಳಗೂ ಹೊರಗೂ ಬೇಗಡೆ ಅಂಟಿಸಿದ್ದರು. ಲೋಹದ ಹಾಳೆ ತರಂಗವನ್ನು ತಡೆಯುತ್ತದೆ. ಗ್ರಾಹಕವನ್ನು ಅದರೊಳಗೆ ಮುಚ್ಚಿಟ್ಟು ಮಾತು ಕೇಳುತ್ತಿಲ್ಲವೆಂದರೆ ಹೇಗೆ? ಥರ್ಮೋಕೋಲು, ರಟ್ಟು, ಒಣ ಪ್ಲೈವುಡ್ಡುಗಳಿಂದ ಹೆಚ್ಚಿನ ತೊಂದರೆಯಿಲ್ಲ.

ಪರಿಹಾರ ಕಷ್ಟದ್ದಲ್ಲ. ಕಳುಹಿಸುವ ಪೆಟ್ಟಿಗೆಯನ್ನು ಜನರ ಹಿಂದೆ ಇಡದೆ ಸೈಡ್‌ವಿಂಗಿನಲ್ಲಿ, ತಲೆಗಳಿಗಿಂತ ಎತ್ತರದಲ್ಲಿ ಕಟ್ಟಬೇಕು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಗಳನ್ನೂ ನಿಗದಿತ ಶಕ್ತಿಯ ಮಿತಿಯೊಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಅವು ಜನಸಂದಣಿಯನ್ನು ಇನ್ನೂ ಚೆನ್ನಾಗಿ ದಾಟುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಸಂಕೇತವೇ ತಪ್ಪಿಹೋದರೆ ವಸ್ತು ಏನು ಮಾಡಬೇಕು? ಸಾಮಾನ್ಯವಾಗಿ ದೀಪವು ತಾನು ಕೇಳಿದ ಕಡೆಯ ಆಜ್ಞೆಯನ್ನೇ ಹಿಡಿದು ನಿಲ್ಲುತ್ತದೆ. ಆ ಸೂರ್ಯ ಕೇಳಿದ ಕಡೆಯ ಆಜ್ಞೆ 'ಆರು' ಎಂಬುದು. ಆದ್ದರಿಂದ ಆರಿಯೇ ಉಳಿದನು. ಸಂಕೇತ ತಪ್ಪಿದರೆ ತಾನಾಗಿ ಬೆಳಗುವಂತೆ ಮೊದಲೇ ಹೊಂದಿಸಿದ್ದರೆ ದೃಶ್ಯ ಕೆಡುತ್ತಿರಲಿಲ್ಲ.

ದೀಪದ ವಿಷಯದಲ್ಲಿ ಇದು ನಗುವ ಮಾತು, ಮೋಟಾರಿನ ವಿಷಯದಲ್ಲಿ ಅಲ್ಲ. ಚಕ್ರಗಳ ಮೇಲೆ ಸರಿಯುವ ಮಂಟಪವೊಂದನ್ನು ನಾವು ತಾಲೀಮಿನಲ್ಲಿ ನೋಡಿದ್ದೆವು. ಅದರ ಮೇಲೆ ಎಂಟು ವರ್ಷದ ಹುಡುಗ ನಿಂತಿದ್ದ. ಕೈಯಲ್ಲಿದ್ದ ರಿಮೋಟಿನ ಸೆಲ್ಲು ಮುಗಿಯಿತು. ಮಂಟಪವು ಕಡೆಯ ಆಜ್ಞೆಯಂತೆ ಮುಂದಕ್ಕೆ ಸಾಗುತ್ತಲೇ ಇತ್ತು. ರಂಗದ ಅಂಚಿಗೆ ಎರಡು ಅಡಿ ಉಳಿದಾಗ ಹಿರಿಯರೊಬ್ಬರು ಓಡಿ ಬ್ಯಾಟರಿಯ ತಂತಿಯನ್ನೇ ಕಿತ್ತರು. ಹುಡುಗನಿಗೆ ಏನೂ ಆಗಲಿಲ್ಲ. ಆ ಎರಡು ಅಡಿಯನ್ನು ನಾವು ಮರೆತಿಲ್ಲ.

ಮೋಟಾರಿಗೆ ನಿಯಮವೇ ಬೇರೆ. ಕಳುಹಿಸುವ ಪೆಟ್ಟಿಗೆಯು 'ಇದ್ದೇನೆ, ಇದ್ದೇನೆ' ಎಂದು ಬಿಡದೆ ಹೇಳುತ್ತಿರಬೇಕು. ಅರ್ಧ ಸೆಕೆಂಡು ಆ ದನಿ ಕೇಳದಿದ್ದರೆ ಮೋಟಾರು ತಾನಾಗಿ ನಿಲ್ಲಬೇಕು. ದಾರಿಯ ಎರಡು ಕೊನೆಗಳಲ್ಲಿ ಲಿಮಿಟ್ ಸ್ವಿಚ್ಚುಗಳಿರಬೇಕು. ತುರ್ತು ನಿಲುಗಡೆಯ ಕೆಂಪು ಗುಂಡಿ ಮಾತ್ರ ತಂತಿಯದೇ ಆಗಿರಬೇಕು, ಬ್ಯಾಟರಿಯನ್ನೇ ಕಡಿಯುವಂತಿರಬೇಕು; ಅದರ ಬಳಿ ಒಬ್ಬರು ನಾಟಕ ಮುಗಿಯುವವರೆಗೆ ಕದಲದೆ ಕೂರಬೇಕು. ಇನ್ನೊಂದು: ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಗ್ರಾಹಕವೂ ಅದೇ ಬ್ಯಾಟರಿಯಲ್ಲಿದ್ದರೆ ವೋಲ್ಟೇಜು ಕುಸಿದು ಅದು ಮೂರ್ಛೆ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಇರಲಿ. ಡಿಎಂಎಕ್ಸ್‌ನಲ್ಲಿ ಬಂದ ಸಂಖ್ಯೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಕಡ್ಡಾಯ ಏರ್ಪಾಡಿಲ್ಲ. ಜೀವಕ್ಕೆ ಅಪಾಯವಾಗಬಲ್ಲ ಕೆಲಸಕ್ಕೆ ಅದು ತಕ್ಕುದಲ್ಲವೆಂದು ಅದರ ನಿಯಮಾವಳಿಯೇ ಹೇಳುತ್ತದೆ.

ಇಷ್ಟೆಲ್ಲ ಬೇಕೆ ಎಂದು ಹಿರಿಯರು ಕೇಳಬಹುದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಜನ ಅದನ್ನು ಇಂದಿಗೂ ನೆನೆಯುತ್ತಾರೆ. ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ಊರೂರು ತಿರುಗುತ್ತಾ ನಾಟಕಗಳನ್ನು ಆಡುತ್ತಿದೆ. ಅಲ್ಲಿ ನಟನೆ ಮತ್ತು ಮಾತಿಗೇ ಮೊದಲ ಸ್ಥಾನ. ನಮ್ಮ ಒಲವು ಎರಡನೆಯದರ ಕಡೆಗೇ. ಆದರೂ ಸೈಂಧವನ ಸೂರ್ಯ ನಿಧಾನವಾಗಿ ಕೆಂಪೇರಿ ಮುಳುಗುವುದನ್ನು ಕಾಣುವ ಆಸೆ ನಮಗೂ ಇದೆ. ಮೊರದಿಂದ ಅದು ಆಗದು.

ಆದುದರಿಂದ ಈ ಬಾರಿ ಸೂರ್ಯ, ಚಕ್ರ ಮತ್ತು ಅಡ್ಡ ಸರಿಯುವ ಪರದೆ ಈ ಮೂರಕ್ಕೆ ಮಾತ್ರ ತಂತಿಯಿಲ್ಲದ ನಿಯಂತ್ರಣ. ಮನುಷ್ಯರನ್ನು ಹೊತ್ತು ಚಲಿಸುವ ಅಥವಾ ಮೇಲಕ್ಕೆತ್ತುವ ಯಾವುದಕ್ಕೂ ಮೋಟಾರು ಬೇಡವೆಂದು ತೀರ್ಮಾನಿಸಿದ್ದೇವೆ. ನಾಟಕದ ಹಿಂದಿನ ಸಂಜೆ ಏಳು ಗಂಟೆಗೆ ಪರೀಕ್ಷೆ ನಡೆಯಲಿದೆ. ಖಾಲಿ ಬಯಲಿನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ; ಸಾಧ್ಯವಾದಷ್ಟು ಭಕ್ತರು ಕುಟುಂಬಸಮೇತ ಬಂದು, ಫೋನುಗಳನ್ನು ಆರಿಸದೆ, ರಂಗದ ಮುಂದೆ ಒತ್ತೊತ್ತಾಗಿ ಕುಳಿತುಕೊಳ್ಳಬೇಕಾಗಿ ಕೋರುತ್ತೇವೆ. ಪ್ರಸಾದದ ವ್ಯವಸ್ಥೆ ಇರುತ್ತದೆ. ಮೊರವನ್ನೂ ತೆಗೆದಿಟ್ಟಿದ್ದೇವೆ.