ಕೈ ನಡುಕಕ್ಕೆ ಮಿದುಳಿನಲ್ಲಿ ತಂತಿ: ಏನಿದು ಡಿಬಿಎಸ್, ಯಾರಿಗೆ ಉಪಯೋಗ?

ಕಲಬುರಗಿ: ನೆಹರು ಗಂಜ್‌ನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ಕಾಳು ಅಂಗೈಗೆ ತಗೊಂಡು ನೋಡುವುದು ವಾಡಿಕೆ. ಆ ಕೈ ಸುಮ್ಮನೆ ತೊಡೆ ಮೇಲಿದ್ದಾಗ ನಡುಗುತ್ತಿದ್ದರೆ, ಲೆಕ್ಕ ಬರೆಯುವಾಗ ಅಕ್ಷರ ಬರಬರುತ್ತಾ ಸಣ್ಣದಾಗುತ್ತಿದ್ದರೆ, ನೋಡಿದವರು ಹೇಳುವುದು ಎರಡೇ ಮಾತು. ‘ವಯಸ್ಸಾಯ್ತು ಬಿಡ್ರಿ’, ಇಲ್ಲವೇ ‘ಕುಡಿಯೋದು ಜಾಸ್ತಿ ಆಗ್ಯದ’. ಅದು ಕಂಪವಾತ, ಅಂದರೆ ಪಾರ್ಕಿನ್ಸನ್ ಕಾಯಿಲೆ ಇರಬಹುದು ಎಂದು ಹೊಳೆಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಈ ಕಾಯಿಲೆ ಮಾತು ಬಂದಾಗ ‘ತಲ್ಯಾಗ ಮಿಷನ್ ಕೂಡಿಸ್ತಾರಂತ’ ಎಂಬ ಸುದ್ದಿಯೂ ಬರುತ್ತದೆ. ಅದೇ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಡಿಬಿಎಸ್. ಯಾವ ದಾರಿಯೂ ಇಲ್ಲ ಅಂದಾಗ ಕೊನೆಗೆ ಮಾಡಿಸುವ ಆಪರೇಷನ್ ಎಂದು ತಿಳಿದವರಿದ್ದಾರೆ. ಅದು ತಪ್ಪು. ಇದಕ್ಕೂ ಒಂದು ಸಮಯ ಇದೆ. ಅದು ಮೀರಿದರೆ ಪ್ರಯೋಜನ ಕಡಿಮೆ.

ನಡುಕ ಬರೋದ್ಯಾಕೆ?

ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಕೈಕಾಲು ಸರಾಗವಾಗಿ ಆಡಲು ಅದು ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ನಿಧಾನಕ್ಕೆ ಸಾಯುತ್ತವೆ. ಆಗ ಚಲನೆ ನಿಯಂತ್ರಿಸುವ ಕೆಲವು ಕೇಂದ್ರಗಳು ಹದ ತಪ್ಪುತ್ತವೆ. ಅವುಗಳಲ್ಲಿ ಮುಖ್ಯವಾದುದು ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಗಾತ್ರ ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ಇದರ ಪರಿಣಾಮವೇ ನಡುಕ, ಮೈ ಬಿಗಿತ, ನಿಧಾನ ನಡಿಗೆ.

ಎಲ್ಲಾ ನಡುಕವೂ ಪಾರ್ಕಿನ್ಸನ್ ಅಲ್ಲ. ಚಹಾ ಕಪ್ ಎತ್ತುವಾಗ ಮಾತ್ರ ಕೈ ನಡುಗಿದರೆ ಅದು ಬೇರೆ ತೊಂದರೆ ಇರಬಹುದು. ಯಾವುದು ಎಂದು ಹೇಳಬೇಕಾದವರು ನರರೋಗ ತಜ್ಞರು.

ಪಾರ್ಕಿನ್ಸನ್‌ಗೆ ಮೊದಲ ಚಿಕಿತ್ಸೆ ಮಾತ್ರೆಯೇ. ಲೆವೊಡೋಪಾ ಎಂಬ ಔಷಧ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ನಸುಗುನ್ನಿ ಬೀಜದಲ್ಲೂ ಇದೇ ಅಂಶ ಇದೆ. ಹಾಗಂತ ಅಳತೆ ಗೊತ್ತಿಲ್ಲದೆ ಪುಡಿ ಮಾಡಿ ತಿನ್ನುವುದು ಅಪಾಯ. ಮಾತ್ರೆ ಮೊದಲ ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವೆ ಮೈ ಕಟ್ಟಿಹಾಕಿದಂತಾಗುವುದು, ಮಾತ್ರೆಯ ಪ್ರಭಾವ ಜೋರಿದ್ದಾಗ ಮೈ ತನ್ನಷ್ಟಕ್ಕೆ ಹೊಯ್ದಾಡುವುದು ಶುರುವಾಗಬಹುದು. ಡಿಬಿಎಸ್ ವಿಚಾರ ಬರುವುದು ಈ ಹಂತದಲ್ಲಿ.

ಮಿಷನ್ ಏನು ಮಾಡುತ್ತೆ?

ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ತಂತಿಯನ್ನು ಆ ಕಾಳಿನಷ್ಟು ಜಾಗಕ್ಕೆ ಇಳಿಸುತ್ತಾರೆ. ಚರ್ಮದ ಒಳಗಿನಿಂದಲೇ ಇನ್ನೊಂದು ತಂತಿ ಕುತ್ತಿಗೆ ದಾಟಿ ಎದೆಗೆ ಬರುತ್ತದೆ. ಅಲ್ಲಿ ಬ್ಯಾಟರಿ ಇರುವ ಸಣ್ಣ ಪೆಟ್ಟಿಗೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 130ರಷ್ಟು ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಹದ ತಪ್ಪಿದ ಸಂಕೇತಗಳ ಲಯ ಮುರಿದು ನಡುಕ, ಬಿಗಿತ ತಗ್ಗುತ್ತವೆ.

ಮೊದಲೆಲ್ಲ ಮಿದುಳಿನ ಅಂಥ ಜಾಗವನ್ನು ಸುಡುತ್ತಿದ್ದರು. ಸುಟ್ಟರೆ ಸುಟ್ಟಂತೆ, ವಾಪಸ್ ಬರಲ್ಲ. 1987ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಡಾ. ಅಲಿಮ್ ಲೂಯಿ ಬೆನಾಬಿಡ್ ತಂಡ ವೇಗದ ವಿದ್ಯುತ್ ಮಿಡಿತದಿಂದಲೇ ನಡುಕ ನಿಲ್ಲುವುದನ್ನು ಕಂಡಿತು. ಮಿಷನ್ ಇದ್ದರೆ ಕರೆಂಟ್ ಹೆಚ್ಚುಕಡಿಮೆ ಮಾಡಬಹುದು, ಬೇಡವೆಂದರೆ ಬಂದ್ ಮಾಡಬಹುದು.

ಹಲವು ಸಲ ರೋಗಿಯನ್ನು ಎಚ್ಚರ ಇಟ್ಟೇ ತಂತಿ ಇಳಿಸುತ್ತಾರೆ. ಮಿದುಳಿಗೆ ತನ್ನದೇ ನೋವಿನ ಅರಿವಿಲ್ಲ. ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್. ಕೈ ಎತ್ತಿಸಿ, ಮಾತಾಡಿಸಿ, ತಂತಿ ಸರಿಯಾದ ಜಾಗದಲ್ಲಿದೆಯಾ ಎಂದು ಅಲ್ಲೇ ನೋಡುತ್ತಾರೆ.

ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ?

ಇಲ್ಲೇ ಹೆಚ್ಚಿನವರು ಎಡವುವುದು. ಮಾತ್ರೆ ನಾಟದವರಿಗೆ ಮಿಷನ್ ಎಂದುಕೊಳ್ಳುತ್ತಾರೆ. ನಿಜ ಉಲ್ಟಾ ಇದೆ. ಮಾತ್ರೆ ನುಂಗಿದಾಗ ಯಾರ ಮೈ ಹಗುರಾಗುತ್ತದೋ ಅವರಿಗೇ ಡಿಬಿಎಸ್ ಚೆನ್ನಾಗಿ ಒಗ್ಗುತ್ತದೆ. ಮಾತ್ರೆಯಿಂದ ಕಡಿಮೆಯಾಗದ ನಡುಕ ಮಾತ್ರ ಇದಕ್ಕೆ ಹೊರತು, ಅದಕ್ಕೂ ಇದು ನೆರವಾಗಬಹುದು. ಮರೆವು ತೀರಾ ಹೆಚ್ಚಾದವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಮಾತು ತೊದಲುವುದು, ನಿಂತಲ್ಲೇ ಜೋಲಿ ತಪ್ಪುವುದು ಇದರಿಂದ ಅಷ್ಟಾಗಿ ಸುಧಾರಿಸುವುದಿಲ್ಲ. ಕಾಯಿಲೆಯೂ ಗುಣವಾಗುವುದಿಲ್ಲ, ಅದು ಒಳಗೆ ಮುಂದುವರಿಯುತ್ತಲೇ ಇರುತ್ತದೆ. ಮಿದುಳಿನಲ್ಲಿ ರಕ್ತಸ್ರಾವ, ಸೋಂಕಿನ ಅಪಾಯವೂ ಉಂಟು.

ಹೋಗುವ ಮುಂಚೆ ಕೇಳಬೇಕಾದ್ದು

ಬೆಂಗಳೂರಿನ ನಿಮ್ಹಾನ್ಸ್, ಹೈದರಾಬಾದಿನ ನಿಮ್ಸ್‌ನಲ್ಲಿ ಈ ಚಿಕಿತ್ಸೆ ಇದೆ. ಆದರೆ ಆಪರೇಷನ್ ಆಯ್ತು, ಮನೆಗೆ ಬಂದೆವು ಎನ್ನುವಂತಿಲ್ಲ. ಕರೆಂಟ್ ಹದಕ್ಕೆ ತರಲು ತಿಂಗಳುಗಟ್ಟಲೆ ಓಡಾಟ ಇರುತ್ತದೆ. ಕಮಲಾಪುರದಿಂದ ರೋಗಿಯನ್ನು ಕರೆದೊಯ್ಯಬೇಕಾದರೆ ಪ್ರತಿ ಸಲ ಜೊತೆಗೊಬ್ಬರು, ಅವರ ಕೂಲಿಯೂ ಹೋಯ್ತು. ಮಿಷನ್ ಬೆಲೆಯೇ ಲಕ್ಷಗಳಲ್ಲಿ. ಚಾರ್ಜ್ ಮಾಡಲಾಗದ ಬ್ಯಾಟರಿಯನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕು. ಆದ್ದರಿಂದ ಮುಂದಿನ ಬ್ಯಾಟರಿ ಖರ್ಚು ಎಷ್ಟು, ಎಷ್ಟು ಸಲ ಬರಬೇಕು, ಆಯುಷ್ಮಾನ್ ಕಾರ್ಡಿನಲ್ಲಿ ಏನು ಸಿಗುತ್ತದೆ ಎಂದು ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ.

ಮಿಷನ್ ಇದ್ದವರಿಗೆ ಫಿಸಿಯೊಥೆರಪಿಯ ಡಯಾಥರ್ಮಿ ಶಾಖ ಕೊಡಿಸಲೇಬಾರದು. ಜೀವಕ್ಕೇ ಅಪಾಯ.

ಸದ್ಯಕ್ಕೆ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ಎಷ್ಟೊತ್ತಿಗೆ ಮೈ ಸಡಿಲಾಯ್ತು, ಮತ್ತೆ ಯಾವಾಗ ಬಿಗಿಯಾಯ್ತು ಎಂದು ಒಂದು ವಾರ ನೋಟ್‌ಬುಕ್‌ನಲ್ಲಿ ಬರೆದಿಡಿ. ಎರಡೂ ಹೊತ್ತಿನ ನಡಿಗೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಡಿಬಿಎಸ್ ಬೇಕೋ, ಮಾತ್ರೆ ಸಮಯ ಬದಲಿಸಿದರೆ ಸಾಕೋ ಎಂದು ನಿರ್ಧರಿಸಲು ಡಾಕ್ಟರಿಗೆ ಮೊದಲು ಬೇಕಾಗುವುದು ಆ ಲೆಕ್ಕವೇ.