ಹೊಲದ ಅಳತೆಯೂ ಹಕ್ಕಿನ ವಿಮೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹೆದ್ದಾರಿಯ ಮಗ್ಗುಲಿನ ಹೊಲಗಳನ್ನು ಉಗ್ರಾಣ, ಪೆಟ್ರೋಲ್ ಬಂಕು, ಅಂಗಡಿಸಾಲು ಮುಂತಾದುವುಗಳಿಗಾಗಿ ವರ್ತಕರು ಕೊಳ್ಳುವುದುಂಟು. ಇಂತಹ ಕ್ರಯದಲ್ಲಿ ಬೆಲೆಯು ಎಕರೆಯಿಂದ ಚದರ ಅಡಿಗೆ ಇಳಿಯುವುದರಿಂದ, ಬೇಸಾಯದ ಕಾಲದಲ್ಲಿ ಯಾರೂ ಗಣನೆಗೆ ತಾರದಿದ್ದ ಒಂದು ಬದುವಿನ ಅಗಲವೂ ವ್ಯಾಜ್ಯಕ್ಕೆ ಕಾರಣವಾಗಬಲ್ಲುದು. ಕೊಳ್ಳುವವನು ಹಕ್ಕಿನ ವಿಮೆ ಮಾಡಿಸುವನಾದುದರಿಂದ ಅಳತೆ ಬೇಕಿಲ್ಲವೆಂದು ರೈತನು ಸುಮ್ಮನಿರುವುದು ಸರಿಯಲ್ಲ.

ಈ ಸೀಮೆಯು 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿತು. 1807ರ ವರೆಗೆ ಇಲ್ಲಿ ಮುಖ್ಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಎಂಬವನು 33 ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆಯಿಸಿದನು. ತರುವಾಯ ಮದ್ರಾಸ್ ಪ್ರಾಂತ್ಯದ ಕ್ರಮವು ರೂಢವಾಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆಯ ಈ ಭಾಗವು ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೂ, 2018ರಲ್ಲಿ ಮರಳಿ ಬಳ್ಳಾರಿಗೂ ಸೇರಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಗೆ ಒಳಪಟ್ಟಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಆದಕಾರಣ ಹಳೆಯ ಕಾಗದಗಳಲ್ಲಿ ಜಿಲ್ಲೆ ತಾಲ್ಲೂಕುಗಳ ಹೆಸರು ಬೇರೆಯಾಗಿದ್ದರೆ ಅದನ್ನೇ ದೋಷವೆಂದು ಎಣಿಸಲಾಗದು.

ದೋಷವು ಹೆಚ್ಚಾಗಿ ಅಂಕೆಯಲ್ಲಿ ಅಡಗಿರುವುದು. ಮದ್ರಾಸಿನ ಕ್ರಮದಲ್ಲಿ ಎಕರೆಗೆ 100 ಸೆಂಟ್ಸು. ಮೈಸೂರಿನ ಕ್ರಮದಲ್ಲಿ 40 ಗುಂಟೆ. ಹಳೆಯ ಪತ್ರದಲ್ಲಿ 2-20 ಎಂದು ಮಾತ್ರ ಬರೆದಿದ್ದರೆ, ಅದು ಸೆಂಟ್ಸಿನ ಲೆಕ್ಕದಲ್ಲಿ 95,832 ಚದರ ಅಡಿ, ಗುಂಟೆಯ ಲೆಕ್ಕದಲ್ಲಿ 1,08,900 ಚದರ ಅಡಿ ಆಗುವುದು. ವ್ಯತ್ಯಾಸವು 13,068 ಚದರ ಅಡಿ, ಎಂದರೆ ಪೂರಾ 12 ಗುಂಟೆ. ಜೋಳದ ಹೊಲದಲ್ಲಿ ಇದು ಕೆಲವು ಚೀಲಗಳ ಮಾತು. ರಸ್ತೆಯಂಚಿನ ನಿವೇಶನದಲ್ಲಿ ಕ್ರಯವನ್ನೇ ಕೆಡಿಸುವ ಮಾತು. ಆದುದರಿಂದ ಕರಾರು ಪತ್ರದಲ್ಲಿ ಅಂಕೆಯ ಮುಂದೆ ಮಾನದ ಹೆಸರನ್ನು ಅಕ್ಷರಗಳಲ್ಲಿ ಬರೆಯಿಸತಕ್ಕದ್ದು.

ಪಹಣಿಯಲ್ಲಿರುವ ವಿಸ್ತೀರ್ಣವನ್ನು ಆಕಾರಬಂದಿನೊಡನೆಯೂ ನಕ್ಷೆಯೊಡನೆಯೂ ತಾಳೆ ನೋಡಬೇಕು. ಖರಾಬಿನ ಕಾಲಮ್ಮನ್ನು ಬಿಡಲಾಗದು. ಕಲ್ಲುಬಂಡೆಯಂತಹ ‘ಅ’ ಖರಾಬು ಖಾತೆದಾರನದೇ ಆದರೂ, ಹಳ್ಳ, ದಾರಿ ಮುಂತಾದ ‘ಬ’ ಖರಾಬು ಸಾರ್ವಜನಿಕರದು. ಅದನ್ನು ಮಾರುವ ಅಧಿಕಾರ ರೈತನಿಗಿಲ್ಲ. ಸರ್ವೇ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ ನೋಂದಣಿಗೆ ಮುಂಚೆ 11ಇ ನಕ್ಷೆಯನ್ನು ಪಡೆಯಬೇಕು. ಇಡೀ ನಂಬರನ್ನು ಕೊಡುವಾಗಲೂ ಗಡಿಯ ಸಂಶಯವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕುವುದು ಲೇಸು. ಆಗ ಭೂಮಾಪಕರು ಪಕ್ಕದ ಹೊಲದವರಿಗೆ ನೋಟೀಸು ಕೊಟ್ಟು ಅವರೆದುರಿಗೇ ಅಳೆಯುವರು. ನೆರೆಯವರ ತಕರಾರು ಕ್ರಯದ ಮುಂಚೆಯೇ ಹೊರಬೀಳುವುದು ಇದರ ಮುಖ್ಯ ಪ್ರಯೋಜನ.

ಇನ್ನು ಹಕ್ಕು. 1908ರ ನೋಂದಣಿ ಕಾಯಿದೆಯಂತೆ ಪತ್ರವು ದಾಖಲಾದ ಮಾತ್ರಕ್ಕೆ ಮಾರಿದವನ ಹಕ್ಕಿಗೆ ಸರ್ಕಾರವು ಹೊಣೆಯಾಗುವುದಿಲ್ಲ. ಪಹಣಿಯ ನಮೂದನ್ನು 1964ರ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣವು ನಿಜವೆಂದು ಭಾವಿಸುವುದಾದರೂ, ತದ್ವಿರುದ್ಧವು ರುಜುವಾತಾಗುವ ವರೆಗೆ ಮಾತ್ರ. ಋಣಭಾರ ಪತ್ರವು ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುವುದು. ಪಾಲು ಕೇಳದೆ ಇರುವ ಸೋದರಿಯ ಹಕ್ಕು ಅದರಲ್ಲಿ ಕಾಣದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳು ಪಿತ್ರಾರ್ಜಿತದಲ್ಲಿ ಗಂಡುಮಕ್ಕಳೊಡನೆ ಸಮಾನ ಪಾಲುದಾರರು. ಪರಿಶಿಷ್ಟರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನಾದರೆ 1978ರ ಕಾಯಿದೆಯು ಅಡ್ಡಬರುವುದು. ಅದರ ವಿರುದ್ಧವಾದ ಪರಭಾರೆಯು ಶೂನ್ಯವೆನಿಸುವುದು.

ಇಂತಹ ಮರೆಯ ದೋಷಗಳಿಂದ ಕೊಂಡವನಿಗೆ ಆಗುವ ನಷ್ಟವನ್ನು ತುಂಬಿಕೊಡುವುದೇ ಹಕ್ಕಿನ ವಿಮೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1876ರಲ್ಲಿ ಇದರ ಮೊದಲ ಕಂಪೆನಿಯು ಹುಟ್ಟಿತು. ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯಿದೆಯ 16ನೆಯ ಪ್ರಕರಣವು, ಸರ್ಕಾರವು ಅಧಿಸೂಚನೆ ಹೊರಡಿಸಿದಾಗ, ಕಟ್ಟಡ ಯೋಜನೆಯವರು ಇಂತಹ ವಿಮೆ ಮಾಡಿಸತಕ್ಕದ್ದೆಂದು ಹೇಳುತ್ತದೆ. ಬೆಳೆವಿಮೆಗೂ ಇದಕ್ಕೂ ಮೂಲದಲ್ಲಿಯೇ ಭೇದವಿದೆ. ಬೆಳೆವಿಮೆಯು ಮುಂದೆ ಬರಬಹುದಾದ ಕೇಡಿಗೆ. ಹಕ್ಕಿನ ವಿಮೆಯು ಪತ್ರವಾಗುವುದಕ್ಕೆ ಹಿಂದೆಯೇ ಹುದುಗಿದ್ದ ಕೇಡಿಗೆ. ಸಾಮಾನ್ಯವಾಗಿ ಕಂತು ಒಂದೇ ಸಲ.

ಆದರೆ ಸರಿಯಾಗಿ ಅಳೆದಿದ್ದರೆ ತಿಳಿಯುತ್ತಿದ್ದ ಒತ್ತುವರಿ, ವಿಸ್ತೀರ್ಣದ ಕೊರತೆ ಮುಂತಾದುವನ್ನು ಇಂತಹ ವಿಮಾಪತ್ರಗಳು ವಾಡಿಕೆಯಾಗಿ ಹೊರಗಿಡುತ್ತವೆ. ತಿಳಿದಿದ್ದೂ ಮುಚ್ಚಿಟ್ಟ ದೋಷಕ್ಕೂ ಹಣ ದೊರೆಯದು. ಅಳತೆಯ ನಕ್ಷೆಯನ್ನು ಒಪ್ಪಿಸಿದಾಗ ಈ ವರ್ಜನೆಯನ್ನು ಸಡಿಲಿಸುವುದು ಅಮೆರಿಕದ ಪದ್ಧತಿ. ಎಂದರೆ ವಿಮೆಗೂ ಸರಪಳಿಯೇ ಬುನಾದಿ.

ಮಾರುವ ರೈತನಿಗೆ ಇನ್ನೊಂದು ಸಂಗತಿ. ವಿಮೆಯು ಕಾಯುವುದು ಕೊಂಡವನನ್ನು, ಮಾರಿದವನನ್ನಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದರೆ, ತಾನು ಮಾರುವ ಹಕ್ಕು ತನಗಿದೆಯೆಂದು ಮಾರುವವನು ಮಾತು ಕೊಟ್ಟಂತೆಯೇ ಆಗುವುದು. ಕೊಂಡವನಿಗೆ ಹಣ ತೆತ್ತ ವಿಮಾ ಕಂಪೆನಿಯು ಆತನ ಸ್ಥಾನದಲ್ಲಿ ನಿಂತು ರೈತನ ಮೇಲೆ ದಾವೆ ಹೂಡಬಹುದು. ಆದಕಾರಣ ಮುಂಗಡ ಪಡೆಯುವ ಮುಂಚೆಯೇ ಅಳತೆ ಮಾಡಿಸಿ, ಕ್ರಯದ ಹಣವು ಅಳತೆಯಿಂದ ಸಿದ್ಧವಾದ ವಿಸ್ತೀರ್ಣಕ್ಕೆ ಮಾತ್ರ ಸಲ್ಲುವುದೆಂದು ಬರೆಯಿಸಿ, ಪಾಲುದಾರರೆಲ್ಲರ ರುಜುವನ್ನು ಹಾಕಿಸಿ, ನಕ್ಷೆಯ ಒಂದು ಪ್ರತಿಯನ್ನು ಪತ್ರದೊಡನೆ ಹೊಂದಿಸಿಡತಕ್ಕದ್ದು.